ಅಮ್ಮನ ಪಾಲು, ಅಪ್ಪನ ಹಾಲು

ಸಂಜೆ ಶಾಲೆ ಬಿಡುವ ಹೊತ್ತಿಗೆ ಖಾಲಿ ಕ್ಯಾನು ತುಂಬಿಕೊಂಡು ನಮ್ಮ ಗೇಟಿನ ಮುಂದೆ ಹಾದುಹೋಗುವ ಹಾಲಿನ ವ್ಯಾನಿಗೆ ಈಗ ಬೇರೆ ಡ್ರೈವರು. ಮನುಷ್ಯ ಒಳ್ಳೆಯವನೇ. ಮಕ್ಕಳು ಅಡ್ಡ ಬಂದರೆ ನಿಧಾನ ಮಾಡುತ್ತಾನೆ, ಹಾರನ್ನು ಬಾರಿಸುವುದಿಲ್ಲ. ಆದರೂ ಕ್ಯಾನುಗಳು ಒಂದಕ್ಕೊಂದು ತಾಗುವ ಸದ್ದು ಕೇಳಿದೊಡನೆ ನನ್ನ ಕತ್ತು ಕಿಟಕಿಯತ್ತ ತಿರುಗುತ್ತದೆ. ಸ್ಟೇರಿಂಗಿನ ಹಿಂದೆ ಆ ಮುಖ ಇಲ್ಲವೆಂದು ಕಂಡ ಮೇಲೆ ಮತ್ತೆ ಬೋರ್ಡಿನ ಕಡೆ ತಿರುಗುತ್ತೇನೆ.

ಆ ಹಿಂದಿನ ಡ್ರೈವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಅವರಿಗೆ ಓದಿ ಹೇಳುತ್ತಾರೆ, ಅವರು ನಾಚಿಕೊಂಡು ವಾರಗಟ್ಟಲೆ ನನ್ನ ಫೋನು ಎತ್ತುವುದಿಲ್ಲ. ಅಂಥ ಸ್ವಭಾವ. ಮಧುರೆ ಹೋಬಳಿಯ ಹಳ್ಳಿಗಳ ಡೈರಿಗಳಲ್ಲಿ ಹಾಲು ತುಂಬಿಸಿಕೊಂಡು ಶೀತಲ ಕೇಂದ್ರಕ್ಕೆ ತಲುಪಿಸುವುದು ಆಗ ಅವರ ಕೆಲಸ. ಊರಿನ ಮಕ್ಕಳಿಗೆಲ್ಲ ವ್ಯಾನ್ ಮಾಮ. ಮಗಳು ಚಂದನ ನನ್ನ ಮೂರನೇ ತರಗತಿಯಲ್ಲಿದ್ದಳು. ಹೆಂಡತಿ ಹಿಂದೂಪುರದ ಕಡೆಯ ತೆಲುಗಿನವರು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಮಷೀನಿನ ಮುಂದೆ ದಿನವಿಡೀ ಕೂರುವ ಕೆಲಸ.

ಕುಳ್ಳಗಿನ ಆಳು, ಅಗಲವಾದ ಭುಜ. ಕ್ಯಾನು ಎತ್ತಿ ಎತ್ತಿ ಬೆರಳುಗಳು ಎಷ್ಟು ಒರಟಾಗಿದ್ದವೆಂದರೆ ಮೊಬೈಲಿನ ಪರದೆ ಒಮ್ಮೊಮ್ಮೆ ಅವನ್ನು ಗುರುತಿಸುತ್ತಲೇ ಇರಲಿಲ್ಲ. ಯಾರಿಗಾದರೂ ಫೋನು ಕೊಡುವ ಮುಂಚೆ ಅದನ್ನು ಅಂಗಿಗೆ ಒರೆಸಿ ಕೊಡುತ್ತಿದ್ದರು, ಮನೆಗೆ ಬಂದವರಿಗೆ ಲೋಟ ತೊಳೆದು ನೀರು ಕೊಡುವ ಹಾಗೆ. ಶಾಲೆಗೆ ಬಂದರೆ ಕುರ್ಚಿಯಲ್ಲಿ ಕೂರರು. ಎಷ್ಟು ಹೇಳಿದರೂ ತರಗತಿಯ ಹೊಸ್ತಿಲೇ ಅವರ ಜಾಗ.

ಮೊದಲು ಮಾತಾಡಿದ್ದು ಪೋಷಕರ ಸಭೆಯ ದಿನ, ಆ ಹೊಸ್ತಿಲ ಮೇಲೆಯೇ. ಹೇಳಲೇಬೇಕಾದ ವಿಷಯವೊಂದು ನನ್ನ ಬಳಿ ಇತ್ತು. ದಸರಾ ರಜೆ ಮುಗಿದ ಮೇಲೆ ಒಂದು ದಿನ ಚಂದನ ಎದ್ದು ನಿಂತು ಪಾಠ ಓದುತ್ತಿದ್ದಳು. ಪುಸ್ತಕದಲ್ಲಿದ್ದದ್ದು 'ಹಕ್ಕಿ ಹಾರಿತು'. ಅವಳು ಓದಿದ್ದು 'ಅಕ್ಕಿ ಆರಿತು'. ಹಿಂದಿನ ಸಾಲಿನಿಂದ ಯಾರೋ "ಮಿಸ್, ಅನ್ನ ಮಾಡೋಣ್ವಾ" ಅಂದರು. ಇಡೀ ತರಗತಿ ನಕ್ಕಿತು. ಅರ್ಧ ಊರು ಹಾಗೇ ಮಾತಾಡುವುದು, ಅದರಲ್ಲಿ ನಗುವಂಥದ್ದೇನೂ ಇಲ್ಲ ಎಂದು ಹೇಳಿ ನಾನು ಸುಮ್ಮನಾಗಿಸಿದೆ. ಅಷ್ಟರಲ್ಲಿ ಅವಳು ಕೂತುಬಿಟ್ಟಿದ್ದಳು. ಅಂದಿನಿಂದ ಅವಳ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಓದು ಅಂದರೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. ಸ್ವಲ್ಪ ಒತ್ತಾಯಿಸಿದರೆ ಪುಸ್ತಕದ ಹಿಂದೆ ಸದ್ದಿಲ್ಲದೆ ಕಣ್ಣೀರು.

"ಮನೇಲಿ ಓದ್ತಾಳಾ?" ಎಂದು ಕೇಳಿದೆ.

"ನಾನೆಲ್ಲಿ ನೋಡ್ತೀನಿ ಮೇಡಂ. ನಾನು ಬೆಳಗ್ಗೆ ಒರಡೋವಾಗ ಅವ್ಳು ಮಲಗಿರ್ತಾಳೆ. ಸಂಜೆ ಹಾಲು ಇಳಿಸಿ ಬರೋವಾಗ್ಲೂ ಮಲಗಿರ್ತಾಳೆ. ನನ್ ಮಗಳು ನಂಗೆ ಗೊತ್ತಿರೋದು ನಿದ್ದೇಲೇ."

'ಹಾಲು' ಎಂದು ಇಲ್ಲಿ ನಾನು ಬರೆದಿದ್ದೇನೆ. ಅವರ ಬಾಯಲ್ಲಿ ಅದು 'ಆಲು'. ಅವರ ಮಾತಿನಲ್ಲಿ ಆ ಅಕ್ಷರವೇ ಇರಲಿಲ್ಲ. ತರಗತಿಯಲ್ಲಿ ನಡೆದದ್ದನ್ನು ಹೇಳಿದಾಗ ಅವರು ಬಹಳ ಹೊತ್ತು ಗೋಡೆಯ ಮೇಲಿನ ಅಕ್ಷರಮಾಲೆಯ ಪಟ ನೋಡುತ್ತಾ ಕೂತರು.

"ಅದು ನನ್ನಿಂದ್ಲೇ ಬಂದಿದ್ದು. ನಮ್ಮಪ್ಪನ ಮನೇಲಿ ಯಾರ್ಗೂ ಆ ಅಕ್ಷರ ಬರಲ್ಲ ಮೇಡಂ."

ಮಗು ಮನೆಯಲ್ಲಿ ಕಥೆ ಕೇಳಬೇಕು, ಕಥೆಯ ಆಸೆ ಹುಟ್ಟಿದರೆ ಬಾಯಿ ತಾನಾಗಿ ಬಿಚ್ಚುತ್ತದೆ ಎಂದೆ. ಅವರ ಫೋನಿನಲ್ಲಿಯೇ ಮಕ್ಕಳ ಚಿತ್ರಪುಸ್ತಕಗಳಿರುವ ಜಾಲತಾಣವೊಂದನ್ನು ತೆರೆದು ತೋರಿಸಿದೆ. ಭಾಷೆ ಆರಿಸಿಕೊಳ್ಳಬಹುದು, ಎಷ್ಟು ಸುಲಭದ ಕಥೆ ಬೇಕೆಂದು ಆರಿಸಿಕೊಳ್ಳಬಹುದು. ಪುಟದ ತುಂಬ ಚಿತ್ರ, ಕೆಳಗೆ ಒಂದೆರಡು ಸಾಲು.

"ಬಿಟ್ಟೀನಾ?"

"ಬಿಟ್ಟಿ."

"ಬಿಟ್ಟಿ ಅಂತ ಏಳಿ ಆಮ್ಯಾಕೆ ಓಟಿಪಿ ಕೇಳಲ್ವಾ?"

"ಏನೂ ಕೇಳಲ್ಲ. ಮಕ್ಕಳು ಓದ್ಲಿ ಅಂತ ಯಾರೋ ಬರೆದು, ಚಿತ್ರ ಬಿಡಿಸಿ ಇಟ್ಟಿದಾರೆ. ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್‌ವರ್ಕ್ ಇಲ್ದಿದ್ರೂ ಓದ್ಬಹುದು."

"ಅವ್ರಿಗೇನು ಲಾಭ?"

"ಏನೂ ಇಲ್ಲ."

ಅವರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಥೆ ಬರೆದವರು ಅದರೊಳಗೆ ಎಲ್ಲೋ ಕೂತಿರಬಹುದು ಅನ್ನುವ ಹಾಗೆ. "ಒಳ್ಳೇರಿರ್ಬೇಕು ಬಿಡಿ" ಎಂದು ಜೇಬಿಗೆ ಹಾಕಿಕೊಂಡರು.

ಕೆಲವು ಕಥೆಗಳಿಗೆ ದನಿಯೂ ಇತ್ತು. ಯಾರೋ ಹೆಣ್ಣುಮಗಳು ಸ್ಪಷ್ಟವಾಗಿ ಓದುತ್ತಾ ಹೋದಂತೆ ಪರದೆಯ ಮೇಲೆ ಆಯಾ ಪದದ ಬಣ್ಣ ಬದಲಾಗುತ್ತಿತ್ತು. ಅದನ್ನೇ ಹಾಕಿ ಕೊಟ್ಟರೆ ಸಾಕಲ್ಲ ಎಂದು ಅವರು ಮೊದಲು ಹಾಗೆಯೇ ಮಾಡಿದರು. ನಾಲ್ಕಾರು ದಿನ ಬಿಟ್ಟು ಗೇಟಿನ ಹತ್ತಿರ ವ್ಯಾನು ನಿಲ್ಲಿಸಿ ವರದಿ ಕೊಟ್ಟರು.

"ಆ ಅಕ್ಕ ಚೆನ್ನಾಗಿ ಓದ್ತಾಳಂತೆ ಮೇಡಂ. ಆದ್ರೆ ಮಧ್ಯದಲ್ಲಿ ಏನಾರ ಕೇಳಿದ್ರೆ ತಿರುಗಿ ಮಾತಾಡಲ್ವಂತೆ. ಅಪ್ಪಾ, ನೀನೇ ಓದು ಅಂತಾಳೆ."

ಅವರು ಓದಿದ್ದು ಏಳನೇ ತರಗತಿ. ಆಮೇಲೆ ಓದಿದ್ದೆಲ್ಲ ಬಸ್ಸಿನ ಬೋರ್ಡು, ಡೈರಿಯ ಚೀಟಿ, ಮದುವೆ ಪತ್ರಿಕೆ. ಜೊತೆಗೆ ಮಗಳು ಎಚ್ಚರವಿರುವ ಹೊತ್ತಿನಲ್ಲಿ ಅವರು ಮನೆಯಲ್ಲೇ ಇರುವುದಿಲ್ಲ. ಅದಕ್ಕೆ ಅವರೊಂದು ದಾರಿ ಹುಡುಕಿಕೊಂಡರು. ಸಂಜೆ ಶೀತಲ ಕೇಂದ್ರದಲ್ಲಿ ವ್ಯಾನುಗಳ ಸಾಲಿನಲ್ಲಿ ಕಾಯಬೇಕಿತ್ತಲ್ಲ, ಆಗ ಸೀಟಿನಲ್ಲಿ ಕೂತು, ಕಿಟಕಿಯ ಗಾಜು ಏರಿಸಿ, ಕಥೆ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಹೆಂಡತಿಯ ಫೋನಿಗೆ ಕಳಿಸುವುದು. ಮಲಗುವ ಮುಂಚೆ ಚಂದನ ಅದನ್ನು ಕೇಳುವುದು. ಓದುವ ಮೊದಲು ಹಗಲಲ್ಲಿ ವ್ಯಾನು ಓಡಿಸುತ್ತಾ ಆ ಹೆಣ್ಣುಮಗಳ ದನಿಯಲ್ಲಿ ಅದೇ ಕಥೆಯನ್ನು ಕೇಳಿಸಿಕೊಂಡಿರುತ್ತಿದ್ದರು. ಒಂದು ಡೈರಿಯ ಕಾರ್ಯದರ್ಶಿ ಹೇಳಿದ್ದು ನನಗೆ ಆಮೇಲೆ ಗೊತ್ತಾಯಿತು: "ಏನ್ ಗುರು, ಎಲ್ರೂ ಗಾಡೀಲಿ ಪಿಚ್ಚರ್ ಹಾಡು ಹಾಕ್ಕೊಂಡು ಬಂದ್ರೆ ನೀನು ಆಮೆ ಮೊಲದ ಕಥೆ ಹಾಕ್ಕೊಂಡು ಬರ್ತೀಯಲ್ಲಾ."

ಇದೆಲ್ಲ ಗಂಡ, ಹೆಂಡತಿ, ಮಗಳ ನಡುವೆಯೇ ಉಳಿಯುತ್ತಿತ್ತು. ಒಂದು ಸಂಜೆ ಅವರ ಒರಟು ಬೆರಳು ತಪ್ಪು ಜಾಗ ಒತ್ತಿತು. ಕಥೆ ಹೆಂಡತಿಗೆ ಹೋಗುವ ಬದಲು ನಮ್ಮ ತರಗತಿಯ ಪೋಷಕರ ಗ್ರೂಪಿಗೆ ಬಂತು.

ನಾನು ಅಡುಗೆಮನೆಯಲ್ಲಿದ್ದೆ. ಫೋನು ಒತ್ತಿದರೆ ಮೊದಲು ಗಂಟಲು ಸರಿಮಾಡಿಕೊಂಡ ಸದ್ದು, ಹಿಂದೆ ಕ್ಯಾನುಗಳ ಗದ್ದಲ. ಆಮೇಲೆ ಆ ದನಿ, ಪದ ಪದವನ್ನೂ ಕಾಲಿಟ್ಟು ನೋಡಿ ದಾಟುವ ಹಾಗೆ: "ಒಂದ್ ಊರಲ್ಲಿ ಒಬ್ಬ ಮೇಷ್ಟ್ರು. ಅವ್ರು ಗೋಡೆಗೆ ಎಲ್ಮೆಟ್ ನೇತಾಕಿದ್ರು. ಒಂದ್ ಅಕ್ಕಿ ಬಂದು ಅದ್ರಲ್ಲಿ ಗೂಡು ಕಟ್ಬಿಡ್ತು." ಪುಸ್ತಕದ ಸಾಲು ಅವರ ಬಾಯಿಗೆ ಬರುವಷ್ಟರಲ್ಲಿ ಅವರದೇ ಮಾತಾಗಿಬಿಡುತ್ತಿತ್ತು. ನಡುನಡುವೆ ಟೀಕೆ ಬೇರೆ: "ಚಂದೂ, ಇದ್ರಲ್ಲಿ ಮೂರು ಮೊಟ್ಟೆ ಅಂತ ಬರ್ದವ್ರೆ, ಚಿತ್ರದಲ್ಲಿ ಎರಡೇ ಕಾಣ್ತದೆ. ಇನ್ನೊಂದು ಅಕ್ಕಿ ಕೆಳಗೆ ಇರ್ಬೇಕು." ಬೆಳಿಗ್ಗೆ ಮೇಷ್ಟ್ರು ಶಾಲೆಗೆ ಹೊರಟು ಹೆಲ್ಮೆಟ್ಟಿಗೆ ಕೈ ಹಾಕುವ ಹೊತ್ತಿಗೆ ಯಾರೋ ಹೊರಗಿನಿಂದ "ಲೇ, ಗಾಡಿ ಮುಂದಕ್ಕೆ ತೆಗಿಯೋ" ಎಂದು ಕೂಗಿದರು. "ಬಂದೆ ಬಂದೆ" ಅನ್ನುವಲ್ಲಿಗೆ ಕಥೆ ನಿಂತಿತು.

ಗ್ರೂಪಿನಲ್ಲಿ ನಗುವ ಮುಖಗಳು ಬಂದವು. ಅವು ಎಂಥ ನಗು ಎಂದು ಹೇಳುವುದು ಕಷ್ಟ. ಹೊಸ ಬಡಾವಣೆಯ ಪೋಷಕರೊಬ್ಬರು ಮಾತ್ರ ಸ್ಪಷ್ಟವಾಗಿ ಬರೆದರು: "ಇದು ಯಾವ ಕನ್ನಡ? ಇಂಥದ್ದನ್ನು ಕೇಳಿದರೆ ಮಕ್ಕಳ ಭಾಷೆ ಕೆಡುತ್ತದೆ." ಸ್ವಲ್ಪ ಹೊತ್ತಿಗೆ ಧ್ವನಿಯನ್ನು ಅಳಿಸಿಹಾಕಲಾಗಿತ್ತು. ಅದರ ಜಾಗದಲ್ಲಿ "ತಪ್ಪಾಗಿ ಬಂದಿದೆ ಕ್ಷಮಿಸಿ" ಎಂಬ ಸಾಲು. "ಕಥೆ ಚೆನ್ನಾಗಿತ್ತು, ಬಂದಷ್ಟನ್ನೂ ಕೇಳಿದೆ" ಎಂದು ನಾನು ಬರೆದೆ.

ಆದರೆ ಅಳಿಸುವಷ್ಟರಲ್ಲಿ ಮಕ್ಕಳು ಕೇಳಿಯಾಗಿತ್ತು. ಮರುದಿನ ಹಾಜರಿ ಮುಗಿಯುವುದಕ್ಕೂ ಬಿಡಲಿಲ್ಲ.

"ಮಿಸ್, ಆಮೇಲೆ ಏನಾಯ್ತು? ಮೇಷ್ಟ್ರು ಹೆಲ್ಮೆಟ್ ಹಾಕ್ಕೊಂಡ್ರಾ?"

"ನಂಗೂ ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಎಲ್ಲರ ಮುಖ ಚಂದನಳ ಕಡೆ ತಿರುಗಿತು. ಅವಳು ನನ್ನನ್ನು ನೋಡಿದಳು, ಡೆಸ್ಕು ನೋಡಿದಳು.

"ಆಕ್ಕೊಳ್ಳಿಲ್ಲ" ಎಂದಳು, ಬಹಳ ಸಣ್ಣ ದನಿಯಲ್ಲಿ.

"ಮತ್ತೆ?"

"ಬಸ್ಸಲ್ಲಿ ಓದ್ರು."

ತರಗತಿ ನಕ್ಕಿತು. ಈ ಸಲ ಆ ನಗು ಮೇಷ್ಟ್ರ ಮೇಲೆ. ಬಸ್ಸು ಸಿಗದೆ ಮೇಷ್ಟ್ರು ದಿನಾ ತಡವಾಗಿ ಹೋದದ್ದು, ಹೆಡ್ಮೇಷ್ಟ್ರು ಬೈದದ್ದು, ಮರಿಗಳು ಹಾರಿಹೋಗುವವರೆಗೂ ಅವರು ಕಾರಣ ಹೇಳದೆ ಬೈಸಿಕೊಂಡದ್ದು, ಎಲ್ಲವನ್ನೂ ಚಂದನ ಕೂತಲ್ಲಿಂದಲೇ ಹೇಳಿದಳು. ಹ ಇಲ್ಲದೆಯೇ ಹೇಳಿದಳು. ಯಾರ ಗಮನವೂ ಆ ಕಡೆ ಹೋಗಲಿಲ್ಲ. ಹೆಡ್ಮೇಷ್ಟ್ರು ಏನಂದರು ಎಂಬುದೇ ಎಲ್ಲರಿಗೂ ಮುಖ್ಯವಾಗಿತ್ತು. ಆ ದಿನ ನಾನು ಅವಳ ಕೈಗೆ ಪುಸ್ತಕ ಕೊಡಲಿಲ್ಲ. ಅಷ್ಟಕ್ಕೆ ಬಿಟ್ಟೆ.

ಸಂಜೆ ಗೇಟಿನ ಹತ್ತಿರ ವ್ಯಾನು ತಡೆದು ಇದನ್ನೆಲ್ಲ ಹೇಳಿ, ಕಥೆಗಳನ್ನು ಗ್ರೂಪಿಗೇ ಕಳಿಸಿ ಎಂದು ಕೇಳಿಕೊಂಡೆ. ಅವರು ಇಂಜಿನ್ನು ಆರಿಸಲಿಲ್ಲ. ಆರಿಸಿದರೆ ಮತ್ತೆ ಶುರುವಾಗುವುದು ಆ ಗಾಡಿಯ ಮರ್ಜಿ.

"ಬ್ಯಾಡ ಮೇಡಂ. ನನ್ ಮಾತು ಕಲ್ತು ನನ್ ಮಗಳೇ ತಲೆ ತಗ್ಸಂಗಾಯ್ತು. ಊರ್ ಮಕ್ಕಳಿಗೆ ಯಾಕೆ ಅದು?" ಎಂದರು. ಗೇರು ಹಾಕುತ್ತಾ, "ಮನೇಲೂ ಮಾತು ಕಮ್ಮಿ ಮಾಡಿವ್ನಿ. ನಾನು ಬಾಯಿ ಬಿಟ್ರೆ ತಾನೇ ಅವ್ಳು ಕಲಿಯೋದು" ಅಂದರು.

ವ್ಯಾನು ಹೊರಟುಹೋಯಿತು. ಮಗಳೊಂದಿಗೆ ನಿದ್ದೆಯಲ್ಲಷ್ಟೇ ಭೇಟಿಯಾಗುವ ಅಪ್ಪ, ಎಚ್ಚರವಿದ್ದಾಗ ಸಿಗುವ ಆ ವಾರದ ಒಂದು ರಜೆಯ ದಿನವೂ ಬಾಯಿ ಮುಚ್ಚಿಕೊಂಡಿರುತ್ತಾನೆ ಎಂಬುದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಗಂಟನ್ನು ಬಿಡಿಸಿದ್ದು ಅವರ ಹೆಂಡತಿ. ಗಣರಾಜ್ಯೋತ್ಸವಕ್ಕೆ ಫ್ಯಾಕ್ಟರಿಗೆ ರಜೆ, ಬಾವುಟ ಹಾರಿಸುವುದಕ್ಕೆ ಆಕೆ ಶಾಲೆಗೆ ಬಂದಿದ್ದರು. ಗಂಡನ ತದ್ವಿರುದ್ಧ: ಬೆಂಚಿನ ಮೇಲೆ ನನ್ನ ಪಕ್ಕವೇ ಕೂತರು, ಮಾತಿಗೆ ಮುಂಚೆ ನಗು. ಕನ್ನಡವನ್ನು ಫ್ಯಾಕ್ಟರಿಯ ಹೊಲಿಗೆ ಸಾಲಿನಲ್ಲಿ ದೊಡ್ಡಬಳ್ಳಾಪುರ ಪೇಟೆಯ ಹೆಂಗಸರಿಂದ ಕಲಿತದ್ದಂತೆ. ಅದಕ್ಕೆ ಅವರ ಹ ನೆಟ್ಟಗಿತ್ತು.

"ಮದುವೆ ಆದ ಹೊಸದ್ರಲ್ಲಿ ಒಂದಿನ ಇವರು ಅಂಗಳದಿಂದ ಕೂಗಿದ್ರು ಮೇಡಂ, ಆವು ಬಂದೈತೆ, ಆವು ಬಂದೈತೆ ಅಂತ. ನಮ್ಮ ತೆಲುಗಲ್ಲಿ ಆವು ಅಂದ್ರೆ ಹಸು. ನಾನು ಬೂಸಾ ಬಕೆಟ್ ತಗೊಂಡು ಓಡಿಬಂದೆ. ನೋಡಿದ್ರೆ ಇವರು ಕೋಲು ಹಿಡ್ಕೊಂಡು ನಿಂತವ್ರೆ, ಕಲ್ಲಿನ ಸಂದೀಲಿ ಹಾವು."

ನಾವಿಬ್ಬರೂ ನಕ್ಕು ಸುಧಾರಿಸಿಕೊಂಡ ಮೇಲೆ ಆಕೆ ತಮ್ಮ ಫೋನು ತೆಗೆದರು. ಅದೇ ಜಾಲತಾಣದಲ್ಲಿ ಅದೇ ಕಥೆಗಳು ತೆಲುಗಿನಲ್ಲೂ ಇವೆಯೆಂದು ಅವರು ಕಂಡುಕೊಂಡಿದ್ದರು. ಗಂಡ ಮೌನ ಹಿಡಿದ ಮೇಲೆ ರಜೆಯ ದಿನ ಆಕೆ ತಾನು ತೆಲುಗಿನಲ್ಲಿ ಓದುತ್ತೇನೆ, ನೀವು ಅದನ್ನೇ ಕನ್ನಡದಲ್ಲಿ ಓದಿ ಎಂದು ಹಠ ಹಿಡಿದರಂತೆ. ಎರಡು ಫೋನು ಅಕ್ಕಪಕ್ಕ, ಮಧ್ಯೆ ಚಂದನ. ಅಮ್ಮನ ಅಕ್ಷರಕ್ಕೆ ತಲೆ ಮೇಲೆ ಸರಿ ಗುರುತು, ಅಪ್ಪನ ಅಕ್ಷರಕ್ಕೆ ಟೋಪಿ, ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ ಎಂದು ಮಗು ಹೇಳಿತಂತೆ. ಆಮೇಲೆ ಅವಳಿಗೆ ಇನ್ನೊಂದು ಸಿಕ್ಕಿತು.

"ನನ್ ಫೋನಲ್ಲಿ ಪಾಲು, ಇವರ ಫೋನಲ್ಲಿ ಹಾಲು. ನಂದು ಪುಲಿ, ಇವರದು ಹುಲಿ. ನಂದು ಪಾಮು, ಇವರದು ಹಾವು. ಅಮ್ಮ ಎಲ್ಲಿ ಪ ಅಂತಾಳೋ ಅಲ್ಲಿ ಅಪ್ಪ ಹ ಅನ್ಬೇಕು ಅಂತ ಚಂದೂನೇ ರೂಲ್ಸು ಮಾಡಿದ್ಲು. ಎಲ್ಲಾ ಪದಕ್ಕೂ ನಡೆಯಲ್ಲ ಮೇಡಂ. ಆಟಕ್ಕೆ ಸಾಕು."

ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾದ ಪಾಠವನ್ನು ನಾನು ಕಾಲೇಜಿನಲ್ಲಿ ಕೇಳಿದ್ದೆ. ಅದು ಗಂಡ, ಹೆಂಡತಿ, ಮಗಳು ಚಾಪೆಯ ಮೇಲೆ ಕೂತು ಆಡುವ ಆಟವಾಗಬಹುದೆಂದು ತಿಳಿದು ಆ ದಿನವೆಲ್ಲ ನನಗೆ ಖುಷಿಯೋ ಖುಷಿ.

ಅಲ್ಲಿಂದ ಮುಂದೆ ಅವರು ನನಗೊಬ್ಬಳಿಗೇ ಕಥೆ ಕಳಿಸತೊಡಗಿದರು. ಪ್ರತಿ ಸಲವೂ "ಮೇಡಂ, ನೀವು ಕೇಳಿ, ಗ್ರೂಪಿಗಲ್ಲ" ಎಂಬ ಎಚ್ಚರಿಕೆ. ಹ ಹುಡುಕಿಕೊಂಡ ಉತ್ಸಾಹದಲ್ಲಿ ಅವರು ಅದನ್ನು ಬೇಡದ ಕಡೆಯೂ ಹಚ್ಚುತ್ತಿದ್ದರು. ರಜೆಯ ದಿನದ ಒಂದು ಕಥೆ ಈಗಲೂ ನನ್ನ ಫೋನಿನಲ್ಲಿದೆ.

"ಕಾಡಲ್ಲಿ ಒಂದು ಹಾನೆ ಇತ್ತು."

"ಅಪ್ಪಾ, ಅಮ್ಮ ಏನುಗು ಅಂತಾಳೆ. ಪೇನುಗು ಅನ್ನಲ್ಲ. ಆನೆಗೆ ಬ್ಯಾಡ."

"ಬ್ಯಾಡ್ವಾ? ಸರಿ, ತಗ್ದೆ. ಕಾಡಲ್ಲಿ ಒಂದು ಆನೆ ಇತ್ತು. ಅದ್ರ ಜೊತೆ ಒಂದು ಹಿಲಿ ಇತ್ತು."

ಹಿಂದೆ ಹೆಂಡತಿಯ ನಗು. ಅದು ನಿಲ್ಲುವವರೆಗೂ ಅವರು ಕಾದು, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಫೆಬ್ರವರಿಯ ಒಂದು ಮಧ್ಯಾಹ್ನ ಮಕ್ಕಳು ಸರದಿಯಲ್ಲಿ ಪಾಠ ಓದುತ್ತಿದ್ದರು. ಚಂದನಳ ಸರದಿ ಬಂದಾಗ ನಾನು ರೂಢಿಯಂತೆ ಅವಳನ್ನು ದಾಟಿ ಪಕ್ಕದವಳ ಹೆಸರು ಕರೆದೆ. ಇಬ್ಬರೂ ಎದ್ದು ನಿಂತರು. ಪಕ್ಕದವಳು ಇವಳನ್ನು ನೋಡಿ ಮೆಲ್ಲಗೆ ಕೂತಳು. ಚಂದನ ಓದಿದಳು. ಪುಸ್ತಕ ಎದೆಯ ಮಟ್ಟದಲ್ಲಿತ್ತು, ಮುಖ ಕಾಣುತ್ತಿತ್ತು. ಒಂದು ಕಡೆ 'ಊವು' ಎಂದು ಬಂದುಬಿಟ್ಟಿತು. ನಿಂತಳು. "ಅಮ್ಮನ ಪುವ್ವು" ಎಂದು ತನ್ನಷ್ಟಕ್ಕೆ ಅಂದುಕೊಂಡು, "ಹೂವು" ಎಂದು ಓದಿ ಮುಂದೆ ಹೋದಳು. ಅದೇನೆಂದು ಯಾರಿಗೂ ತಿಳಿಯಲಿಲ್ಲ, ನನಗೆ ತಿಳಿಯಿತು. ಪುಟ ಮುಗಿದರೂ ಅವಳು ಕೂರಲಿಲ್ಲ, ಹಾಳೆ ತಿರುವಿದಳು. ಸಾಕು ಕೂತ್ಕೋ ಎನ್ನಲು ನನಗೆ ಬಾಯಿ ಬರಲಿಲ್ಲ.

ಆ ಸಂಜೆ ಗೇಟಿನಲ್ಲಿ ಹೇಳಿದಾಗ ಅವರು ಇಂಜಿನ್ನು ಆರಿಸಿದರು.

"ಎಷ್ಟು ಓದಿದ್ಲು?"

"ಎರಡು ಪುಟ."

"ಜೋರಾಗಾ?"

"ಕೊನೇ ಬೆಂಚಿಗೆ ಕೇಳೋ ಹಂಗೆ."

ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮುಖ ಒದ್ದೆಯಾಗಿತ್ತು, ಬೆವರಿನ ದಿನಗಳು ಇನ್ನೂ ಶುರುವಾಗಿರಲಿಲ್ಲ. ಆಮೇಲೆ ಕೀಲಿ ತಿರುಗಿಸಿದರೆ ಗಾಡಿ ಕೆಮ್ಮಿತೇ ಹೊರತು ಹೊರಡಲಿಲ್ಲ. ಶಾಲೆಯ ಮಕ್ಕಳೆಲ್ಲ ಸೇರಿ ತಳ್ಳಿದರು, ಸೆರಗು ಸಿಕ್ಕಿಸಿಕೊಂಡು ನಾನೂ ತಳ್ಳಿದೆ. ಖಾಲಿ ಕ್ಯಾನುಗಳು ಗಲಗಲ ಎನ್ನುತ್ತಾ ವ್ಯಾನು ಇಳಿಜಾರಿನಲ್ಲಿ ಹಿಡಿದುಕೊಂಡಿತು. ಕಿಟಕಿಯಿಂದ ಒಂದು ಕೈ ಹೊರಬಂದು ಬೀಸುತ್ತಲೇ ಹೋಯಿತು.

ಆ ರಾತ್ರಿಯ ಕಥೆಯ ಜೊತೆಗೆ ಎಚ್ಚರಿಕೆಯ ಸಾಲು ಇರಲಿಲ್ಲ. ನಾನು ಕೇಳಿ, ಒಪ್ಪಿಗೆ ಪಡೆದು ಗ್ರೂಪಿಗೆ ಹಾಕಿದೆ. ಬಡಾವಣೆಯ ಆ ಪೋಷಕರು ಏನೂ ಬರೆಯದೆ ಗ್ರೂಪಿನಿಂದ ಹೊರಗೆ ಹೋದರು. ಅವರ ಮಗ ಪಕ್ಕದ ಮನೆಯ ಫೋನಿನಲ್ಲಿ ಕಥೆ ಕೇಳುತ್ತಾನೆ ಎಂದು ಮಕ್ಕಳೇ ನನಗೆ ಹೇಳಿದರು. ಉಳಿದವರಲ್ಲಿ ಕೆಲವರು ತಾವೂ ಓದಿ ಕಳಿಸತೊಡಗಿದರು. ಓದು ಬಾರದ ಅಜ್ಜಿಯೊಬ್ಬರು ಚಿತ್ರಗಳನ್ನಷ್ಟೇ ನೋಡಿ ತಮ್ಮದೇ ಕಥೆ ಕಟ್ಟಿ ಹೇಳಿದರು. ಮಕ್ಕಳು ಅದನ್ನೂ ಪುಸ್ತಕದ ಕಥೆಯನ್ನೂ ಹೋಲಿಸಿ, ಅಜ್ಜಿಯದೇ ಚೆನ್ನಾಗಿದೆ ಎಂದು ತೀರ್ಪು ಕೊಟ್ಟರು. ವ್ಯಾನ್ ಮಾಮನ ಕಥೆಗೆ ಮಾತ್ರ ಬೇರೆಯದೇ ಗಿರಾಕಿ. ಅವರು ಕಥೆಯೊಳಗಿನ ಎಮ್ಮೆಯ ಜೊತೆ ಜಗಳ ಆಡುತ್ತಿದ್ದರು: "ಎಮ್ಮೆ ಬೆಟ್ಟ ಹತ್ತಿ ಓಡ್ತು ಅಂತ ಬರ್ದವ್ರೆ. ಮಕ್ಕಳಾ, ಇದನ್ನ ನಂಬಬ್ಯಾಡಿ. ನಮ್ಮನೆ ಎಮ್ಮೆ ಕೊಟ್ಟಿಗೆ ಮೆಟ್ಟಿಲೇ ಹತ್ತಲ್ಲ."

ಏಪ್ರಿಲ್‌ನಲ್ಲಿ, ಫಲಿತಾಂಶದ ದಿನ, ಅವರು ಹೊಸ್ತಿಲ ಮೇಲೆ ಕೂತು ಟಿ.ಸಿ. ಕೇಳಿದರು. ಹೆಂಡತಿಯ ಫ್ಯಾಕ್ಟರಿಯವರು ಹಿಂದೂಪುರದ ಹತ್ತಿರ ಹೊಸ ಘಟಕ ತೆರೆದಿದ್ದರು. ಆಕೆಯನ್ನು ಅಲ್ಲಿ ಒಂದು ಸಾಲಿನ ಮೇಲ್ವಿಚಾರಕಿಯಾಗಿ ಮಾಡಿದ್ದರು.

ನನಗೆ ಸಂತೋಷವಾಗಬೇಕಿತ್ತು. ಆದರೆ ಚಂದನಳ ನೆನಪಾಗಿ ಕಳವಳವಾಯಿತು. "ಅಲ್ಲಿ ತೆಲುಗು ಶಾಲೆ. ಇಲ್ಲಿ ಅವಳು ಓದೋಕೆ ಶುರು ಮಾಡಿದ್ದೇ ಈಗ. ಊರಲ್ಲೇ ಇರೋ ನಿಮ್ಮಣ್ಣನ ಮನೇಲಿ ದೊಡ್ಡಮ್ಮನ ಹತ್ರ ಬಿಟ್ಟು ಹೋಗಬಾರ್ದಾ?" ಎಂದೆ.

"ಬಿಟ್ಟೋಗಿ, ತಿಂಗ್ಳಿಗೊಂದ್ ಸಲ ಬಂದು ಮತ್ತೆ ನಿದ್ದೇಲಿ ನೋಡೋಕಾ ಮೇಡಂ?"

ನಾನು ಟಿ.ಸಿ. ಪುಸ್ತಕ ತೆಗೆದೆ.

"ಇವ್ಳಮ್ಮ ನನ್ನ ಕಟ್ಕೊಂಡು ಬಂದಾಗ್ಲಿಂದ ನನ್ ಭಾಷೇಲೇ ಬದುಕವ್ಳೆ. ಈಗ ನನ್ ಸರದಿ" ಎಂದರು. "ಭಯ ಐತೆ. ಇಲ್ಲ ಅಂದ್ರೆ ಸುಳ್ಳಾಯ್ತದೆ. ಅಲ್ಲಿ ನಾನೇನಾರ ಮಾತಾಡಿ, ಯಾರಾರ ನಕ್ಕು, ಅದನ್ನ ಮಗಳು ನೋಡ್ಬಿಟ್ರೆ ಅಂತ."

ಟಿ.ಸಿ. ಬರೆದುಕೊಟ್ಟೆ. ಚಂದನ ನನ್ನ ಕಾಲು ಮುಟ್ಟಿದಳು. ಅವರು ಎಂದಿನಂತೆ ಕೈ ಮುಗಿಯಲು ಹೋಗಿ, ಏನನ್ನಿಸಿತೋ, ತರಗತಿಯೊಳಗೆ ಬಂದು ಮಗಳು ಕೂರುತ್ತಿದ್ದ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋದರು.

ಮಳೆಗಾಲವೆಲ್ಲ ಸುದ್ದಿ ಇರಲಿಲ್ಲ. ಕಾರ್ತಿಕದಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಯ ಮಗಳ ಮದುವೆ ಹಿಂದೂಪುರದ ಕಡೆಯೇ ಬಂತು. ಫೋನು ಮಾಡಿ, ಊಟ ಮುಗಿಸಿ ಅವರ ಹಳ್ಳಿಗೆ ಹೋದೆ. ಅವರೀಗ ಫ್ಯಾಕ್ಟರಿಗೆ ಹೆಂಗಸರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು. ಗಂಡ ಹೆಂಡತಿ ಜೊತೆಗೇ ಹೊರಡುತ್ತಾರೆ, ಜೊತೆಗೇ ಬರುತ್ತಾರೆ. ಸಂಜೆ ಮನೆಯಲ್ಲಿರುತ್ತಾರೆ. ಅಂದು ಭಾನುವಾರ, ಮೂವರೂ ಇದ್ದರು. ವ್ಯಾನ್ ಮಾಮ ಸ್ವಲ್ಪ ದುಂಡಗಾಗಿದ್ದರು.

ಹೊಸ ಶಾಲೆಯಲ್ಲಿ ಚಂದನಳನ್ನು ಮೊದಲು ಸಣ್ಣ ಮಕ್ಕಳ ಜೊತೆ ಕೂರಿಸಿದರಂತೆ. ಅಕ್ಷರ ಮೊದಲೇ ಗುರುತಿದ್ದವು, ಕಥೆಗಳ ತೆಲುಗು ಕಿವಿಯಲ್ಲಿತ್ತು. ದಸರಾ ಹೊತ್ತಿಗೆ ತನ್ನ ತರಗತಿಗೆ ಬಂದಳು. "ಒಂದು ದಿನ ನನ್ನ ಕಥೆ, ಒಂದು ದಿನ ಇವರ ಕಥೆ ಮೇಡಂ. ಕನ್ನಡ ಬಿಟ್ಟಿಲ್ಲ" ಎಂದು ಆಕೆ ಕಾಫಿ ಕೊಡುತ್ತಾ ಹೇಳಿದರು. "ಇವರಿಗೇ ಕಷ್ಟ. ಫ್ಯಾಕ್ಟರಿ ಗೇಟಲ್ಲಿ ಇವರ ತೆಲುಗು ಕೇಳಿ ದಿನಾ ನಗ್ತಾರೆ."

"ನಗ್ಲಿ" ಎಂದರು ಅವರು. "ನಗ್ತಾ ನಗ್ತಾ ಹೇಳ್ಕೊಡ್ತಾರಲ್ಲ."

ಚಂದನ ನನಗೆ ತೋರಿಸಬೇಕೆಂದು ಫೋನು ತಂದು ಅಪ್ಪನ ಕೈಗೆ ಕೊಟ್ಟಳು. ಅವರು ಅದನ್ನು ಅಂಗಿಗೆ ಒರೆಸಿಕೊಂಡು ತೆಲುಗಿನ ಪುಟ ಓದಲು ಕೂತರು. ಒಂದು ಒತ್ತಕ್ಷರದ ಹತ್ತಿರ ಸಿಕ್ಕಿಕೊಂಡರು. ನನ್ನ ಜೀವಮಾನದಲ್ಲಿ ಎಷ್ಟೋ ಮಕ್ಕಳಿಗೆ ಓದು ಕಲಿಸಿದ್ದೇನೆ. ಹೀಗೆ ಯಾರಾದರೂ ತಡೆದಾಗ ಮುಂದಿನ ಅಕ್ಷರವನ್ನು ಬಾಯಿಗೆ ಹಾಕಿಬಿಡಬೇಕೆಂದು ನಾಲಿಗೆ ತುರಿಸುತ್ತದೆ. ಚಂದನ ಹಾಕಲಿಲ್ಲ. ಅವಳು ಅಪ್ಪನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಚಿತ್ರ ನೋಡುತ್ತಾ, ಕಾಲು ಅಲ್ಲಾಡಿಸುತ್ತಾ ಕೂತಿದ್ದಳು. ಅವರಿಗೆ ಅದು ಸಿಕ್ಕಿದ ಮೇಲೆ ಪುಟ ಸರಿಸಿದಳು.

ಹೊತ್ತು ಇಳಿಯುವ ಮುಂಚೆ ಹೊರಟೆ. ಅಪ್ಪ ಮಗಳು ಇಬ್ಬರೂ ರಸ್ತೆಯವರೆಗೆ ಬಂದರು. ಆ ಕಡೆಯ ಬಸ್ಸುಗಳಿಗೆ ತೆಲುಗಿನ ಬೋರ್ಡು. ಅಕ್ಷರಗಳ ಚಹರೆ ನನಗೂ ತಿಳಿಯುತ್ತದೆ, ಆದರೆ ಅವನ್ನು ಕೂಡಿಸಿ ಒಂದು ಊರು ಮಾಡುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ದೂರದ ತಿರುವಿನಲ್ಲಿ ಒಂದು ಬಸ್ಸು ಕಂಡಿತು. ಅವರು ಎರಡು ಹೆಜ್ಜೆ ಮುಂದೆ ಹೋಗಿ, ಕಣ್ಣು ಕಿರಿದು ಮಾಡಿ, ತುಟಿ ಅಲ್ಲಾಡಿಸುತ್ತಾ ನಿಂತರು. ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಿನಿಂದ "ಎಕ್ಕಂಡಿ, ಎಕ್ಕಂಡಿ" ಎಂದು ಹತ್ತಲು ಅವಸರ ಮಾಡಿದ. ನಾನು ಕಾಲೆತ್ತಿದೆ. ಅವರು ನನ್ನ ಕಡೆ ನೋಡದೆ ಕೈ ಅಡ್ಡ ಹಿಡಿದು, ಬೋರ್ಡಿನ ಕೊನೆಯ ಅಕ್ಷರದವರೆಗೆ ಓದಿ ಮುಗಿಸಿದರು.

"ಇದಲ್ಲ ಮೇಡಂ. ನಿಮ್ದು ಹಿಂದೆ ಬರ್ತದೆ."

ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಚಂದನ ಅಪ್ಪನ ಪಕ್ಕದಲ್ಲೇ ಇದ್ದಳು. ಅವಳು ಆ ಬೋರ್ಡನ್ನು ತಿರುವಿನಲ್ಲೇ ಓದಿಬಿಟ್ಟಿರಬೇಕು. ಏನೂ ಹೇಳಿರಲಿಲ್ಲ.